ಮಾನಂದವಾಡಿ ರಸ್ತೆಯ ಮಳಿಗೆಯಿಂದ ಅಮ್ಮನಿಗೊಂದು ಮೈಸೂರು ರೇಷ್ಮೆ

ತಮ್ಮನ ಮದುವೆಯಲ್ಲಿ ಅಮ್ಮ ಮೈಸೂರು ರೇಷ್ಮೆ ಸೀರೆಯನ್ನೇ ಉಡಬೇಕೆಂದು ಎರಡು ವರ್ಷದಿಂದ ದುಡ್ಡು ಎತ್ತಿಟ್ಟಿದ್ದೆ. ಕಳೆದ ತಿಂಗಳು ಮೈಸೂರಿನ ಮಾನಂದವಾಡಿ ರಸ್ತೆಗೆ ಹೋಗಿ, ಕೆಎಸ್‌ಐಸಿ (ರಾಜ್ಯ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ರೇಷ್ಮೆ ನೇಯ್ಗೆ ಕಾರ್ಖಾನೆಯ ಆವರಣದಲ್ಲೇ ಇರುವ ಮಳಿಗೆಯಲ್ಲಿ ಕೊಂಡೆ. ಕಡು ನೇರಳೆ ಮೈ, ನಾಲ್ಕು ಬೆರಳಗಲದ ಜರಿ ಅಂಚು, ಒಡಲಲ್ಲಿ ಒಂದು ಬುಟ್ಟಾ ಕೂಡ ಇಲ್ಲ. ಬೆಲೆ 23 ಸಾವಿರ ಚಿಲ್ಲರೆ. ಇಷ್ಟು ದುಡ್ಡು ಕೊಡಬಹುದೇ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೊಡಬಹುದು. ಯಾಕೆ ಎಂಬುದನ್ನು ರೇಷ್ಮೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳಾಗಿ ಹೇಳುತ್ತೇನೆ.

ಮೊದಲು ಸೀರೆಯ ಮಾತು. ಅಂಗೈಯಲ್ಲಿ ಹಿಡಿದು ಬಿಟ್ಟರೆ ನೀರಿನಂತೆ ಇಳಿಯುತ್ತದೆ, ಆದರೂ ಮೈಗೆ ತೂಕ ಇದೆ. ಮುದುಡಿ ಹಿಂಡಿದರೂ ಗೆರೆ ನಿಲ್ಲುವುದಿಲ್ಲ. ಈ ಗುಣ ಎಲ್ಲಿಂದ ಬರುತ್ತದೆ ಎಂಬುದು ಪಕ್ಕದ ಕಾರ್ಖಾನೆಯೊಳಗೆ ಒಂದು ಸುತ್ತು ಬಂದಾಗ ತಿಳಿಯಿತು. ಹೊಕ್ಕು ನೂಲನ್ನು, ಅಂದರೆ ಅಡ್ಡ ಎಳೆಗಳನ್ನು, ಬಿಗಿಯಾಗಿ ಹುರಿಗೊಳಿಸಿರುತ್ತಾರೆ. ಕೆಲವು ಎಳೆ ಎಡಕ್ಕೆ, ಕೆಲವು ಬಲಕ್ಕೆ. ಮಗ್ಗದಿಂದ ಇಳಿದ ಬಟ್ಟೆ ಮಾಸಲು ಬಿಳಿ, ಗೋಣಿಯಷ್ಟು ಒರಟು. ಅದನ್ನು ಯಾರಾದರೂ ಸೀರೆಯೆಂದು ಕೊಟ್ಟರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಸಾಬೂನು ನೀರಿನಲ್ಲಿ ಬೇಯಿಸಿದಾಗ ಹುಳು ಗೂಡು ಕಟ್ಟುವಾಗ ಹಚ್ಚಿದ ಅಂಟು ಬಿಡುತ್ತದೆ, ಬಿಗಿದ ಹುರಿ ಒಳಗೊಳಗೇ ಸುರುಳಿಯಾಗುತ್ತದೆ, ಬಟ್ಟೆ ಮೆತ್ತಗಾಗುತ್ತದೆ. ಬಣ್ಣ ಹಾಕುವುದು ಆಮೇಲೆ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ, ಜೊತೆಗೆ ಹೊಲೊಗ್ರಾಂ.

ಆ ಸಂಖ್ಯೆಯ ಬೆಲೆ ನನಗೆ ಗೊತ್ತು. ಐದು ವರ್ಷದ ಹಿಂದೆ ಬೇರೊಂದು ಊರಿನ ಖಾಸಗಿ ಅಂಗಡಿಯಲ್ಲಿ ‘ಅಪ್ಪಟ ಮೈಸೂರು ಸಿಲ್ಕ್’ ಎಂಬ ಮಾತು ನಂಬಿ ಒಂಬತ್ತು ಸಾವಿರ ಕೊಟ್ಟು ಒಂದು ಸೀರೆ ತಂದಿದ್ದೆ. ಅಪ್ಪ ಸೆರಗಿನ ತುದಿಯಿಂದ ಒಂದು ಎಳೆ ಎಳೆದು ದೀಪಕ್ಕೆ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆ ಎಳೆ ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಅಪ್ಪ ಏನೂ ಅನ್ನದೆ ಅದನ್ನು ಉಗುರಿನಿಂದ ಒಡೆಯಲು ನೋಡುತ್ತಲೇ ಇದ್ದರು.

ಸರ್ಕಾರ ಸೀರೆ ನೇಯಬೇಕೇ ಎಂಬ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನೇಯದಿದ್ದರೆ ಈ ಹೆಸರೇ ಉಳಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವಿಟ್ಜರ್ಲೆಂಡಿನಿಂದ 10 ಮಗ್ಗ ತರಿಸಿ ಈ ಕಾರ್ಖಾನೆ ಆರಂಭಿಸಿದರು. ಸ್ವಾತಂತ್ರ್ಯದ ನಂತರ ಇದು ರೇಷ್ಮೆ ಇಲಾಖೆಯ ಕೈಗೆ, 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಬಂತು. ನೂಲು ತಿ. ನರಸೀಪುರದ ನಿಗಮದ್ದೇ ಬಿಚ್ಚಾಣಿಕೆ (ಗೂಡಿನಿಂದ ನೂಲು ತೆಗೆಯುವ) ಕಾರ್ಖಾನೆಯಿಂದ ಬರುತ್ತದೆ. ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕದ (ಊರಿನ ಹೆಸರು ಹೊತ್ತ ಸರಕಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ) ಮಾನ್ಯತೆಯೂ ಇದೆ.

ಆದರೆ ನನ್ನ ಮಟ್ಟಿಗೆ ಸರ್ಕಾರದ ದೊಡ್ಡ ಕೆಲಸ ಮಗ್ಗದ ಮನೆಯಲ್ಲಿಲ್ಲ, ಗೂಡಿನ ಮಾರುಕಟ್ಟೆಯಲ್ಲಿದೆ. ನಮ್ಮದು ಕನಕಪುರ ತಾಲ್ಲೂಕು. ಅಜ್ಜನ ಕಾಲದಲ್ಲಿ ದಲ್ಲಾಳಿ ಮನೆಬಾಗಿಲಿಗೇ ಬರುತ್ತಿದ್ದನಂತೆ. ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ, ತಕ್ಕಡಿಯೂ ಅವನದೇ. ಗೂಡು ಕಟ್ಟಿದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ, ಚಿಟ್ಟೆ ತೂತು ಮಾಡಿ ಹೊರಬಂದರೆ ಬೆಳೆ ಹಾಳು. ಅದು ದಲ್ಲಾಳಿಗೂ ಗೊತ್ತಿತ್ತು. ಗೂಡಿನ ಮಾರಾಟವನ್ನು ನಿಯಂತ್ರಿಸುವ 1959ರ ಕಾಯ್ದೆಯಡಿ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ, ಬಹಿರಂಗ ಹರಾಜಿನಲ್ಲಿ ಮಾರುವಂತಾಯಿತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ರಾಮನಗರ ಮಾರುಕಟ್ಟೆಗೆ ಹೋಗುತ್ತಿದ್ದೆ. ನೂಲು ಬಿಚ್ಚುವವರು ನಮ್ಮ ಲಾಟಿಗೆ ಕೈ ಹಾಕಿ, ಎರಡು ಗೂಡು ತೆಗೆದು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೋಶದ ಸದ್ದು ಕೇಳಿ ದರ ಕೂಗುತ್ತಿದ್ದರು. ಈಗ ಹರಾಜು ಮೊಬೈಲಿನಲ್ಲಿ ನಡೆಯುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಅಜ್ಜನಿಗೆ ಈ ‘ಬೇಡ’ ಇರಲಿಲ್ಲ.

ರಾಜ್ಯ ಸರ್ಕಾರದ ಕೈ ಎಲ್ಲೆಡೆ ನಿಲುಕುವುದಿಲ್ಲ ಎಂಬುದನ್ನೂ ನಾವು ಅನುಭವಿಸಿದ್ದೇವೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ನೂಲಿನ ಮುಂದೆ ನಮ್ಮ ಗೂಡಿನ ದರ ಕುಸಿಯಿತು. ನಮ್ಮ ಪಕ್ಕದ ಹೊಲದವರು ಹಿಪ್ಪುನೇರಳೆಯನ್ನು ಬೇರುಸಹಿತ ಕಿತ್ತರು. ಅವರ ಮನೆಯ ಸೊಸೆ ಇವತ್ತಿಗೂ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಹುಳು ಸಾಕಣೆ ಇದ್ದಾಗ ಆ ಮನೆಯಲ್ಲೇ ನಾಲ್ಕು ಜನಕ್ಕೆ ವರ್ಷಪೂರ್ತಿ ಕೆಲಸವಿತ್ತು.

ಹಾಗಾಗಿ ನಿಗಮದ ಮಳಿಗೆಗಳ ಮುಂದೆ ನಸುಕಿನಲ್ಲೇ ಹೆಂಗಸರು ಸಾಲು ನಿಲ್ಲುತ್ತಾರೆ ಎಂಬ ಸುದ್ದಿ ಓದಿದಾಗ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಯಿತು. ಕೊಳ್ಳುವವರು ಬಾಗಿಲಲ್ಲಿ ನಿಂತಿದ್ದಾರೆ, ಬೆಳೆಯುವವರು ಹೊಲ ಬಿಡುತ್ತಿದ್ದಾರೆ. ಇವೆರಡರ ನಡುವೆ ಬೇಕಿರುವುದು ಇನ್ನಷ್ಟು ಮಗ್ಗ, ಇನ್ನಷ್ಟು ನೇಕಾರರು. ನೇಕಾರರನ್ನು ತಯಾರು ಮಾಡಲು ತಿಂಗಳುಗಟ್ಟಲೆ ತರಬೇತಿ ಬೇಕು, ನಿಜ. ಅದಕ್ಕೇ ಇವತ್ತೇ ಶುರುವಾಗಬೇಕು. ಉದ್ಯೋಗ ಸೃಷ್ಟಿಗೆಂದು ಹೊರಗಿನ ಕಂಪನಿಗಳಿಗೆ ಜಮೀನು ಹುಡುಕಿಕೊಡುವ ಸರ್ಕಾರ, ತನ್ನದೇ ಕೈಯಲ್ಲಿರುವ ನೂರು ವರ್ಷ ದಾಟಿದ ಈ ಕಾರ್ಖಾನೆಗೂ ಅಷ್ಟೇ ಆಸ್ಥೆಯಿಂದ ಬಂಡವಾಳ ಹಾಕಲಿ ಎಂದು ಕೇಳುತ್ತೇನೆ.

ಕೊಳ್ಳಲು ಹೋಗುವವರಿಗೆ ಒಂದೆರಡು ಮಾತು. ಬಿಲ್ಲು ಜೋಪಾನ ಮಾಡಿ, ಸಂಖ್ಯೆ ತಾಳೆ ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಊರಿಗೆ ಒಯ್ದಾಗ ಅಮ್ಮ ಸೀರೆಯ ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ ಬೆಲೆ ಕೇಳಿದರು. ಹೇಳಿದೆ. ನಮ್ಮ ಹಿಂದಿನ ಬೆಳೆಯ ಗೂಡು ಕೆಜಿಗೆ 580 ರೂಪಾಯಿಯಂತೆ ಹೋಗಿತ್ತು.

“ಹಾಗಾದರೆ ನಲವತ್ತು ಕೆಜಿ ಗೂಡು,” ಎಂದರು ಅಮ್ಮ. “ಇದರೊಳಗೆ ಎಷ್ಟು ಗೂಡಿದೆ?”

ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು, ಅಂಟು ಬಿಟ್ಟ ಮೇಲೆ ತೂಕವೂ ಇಳಿಯುತ್ತದೆ. ಲೆಕ್ಕ ಹಾಕಿ, “ಸುಮಾರು ನಾಲ್ಕು ಕೆಜಿ” ಎಂದೆ.

“ಉಳಿದ ಮೂವತ್ತಾರು?”

ಕಾರ್ಖಾನೆಯಲ್ಲಿ ಕಂಡವರನ್ನೆಲ್ಲ ನೆನೆಸಿಕೊಂಡು ಹೇಳುತ್ತಾ ಹೋದೆ. ಜರಿಯ ಬೆಳ್ಳಿ, ನೂಲು ಬಿಚ್ಚುವವರು, ಹುರಿ ಹಾಕುವವರು, ಹಾಸು ಕಟ್ಟುವವರು, ಮಗ್ಗದ ಮುಂದೆ ನಿಂತು ತುಂಡಾದ ಒಂದು ಎಳೆಯನ್ನು ಕಣ್ಣಲ್ಲೇ ಹುಡುಕಿ ಗಂಟು ಹಾಕಿದ ಹುಡುಗ, ಬಣ್ಣದ ತೊಟ್ಟಿಯ ಬಳಿ ಇದ್ದವರು. ಅಮ್ಮ ಒಬ್ಬೊಬ್ಬರಿಗೂ ತಲೆಯಾಡಿಸಿದರು. “ನಮ್ಮ ನಾಲ್ಕಕ್ಕೆ ಇನ್ನೆರಡು ಸೇರಬೇಕಿತ್ತು,” ಎಂದು ಸೀರೆಯನ್ನು ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಎದ್ದರು. ಹುಳು ಮೂರನೇ ಜ್ವರ (ಪೊರೆ ಬಿಡುವ ನಿದ್ದೆ) ಕಳೆದು ಎದ್ದಿತ್ತು, ಸೊಪ್ಪು ಹಾಕುವ ಹೊತ್ತಾಗಿತ್ತು.