ಕ್ರಿಸ್‌ಮಸ್ ರಜೆಗೆ ಥೀಮ್ ಪಾರ್ಕಾ? ಮೊದಲು ಮಕ್ಕಳ ಎತ್ತರ ಅಳೆಯಿರಿ

ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು. ಈ ಸಲದ ಕ್ರಿಸ್‌ಮಸ್ ರಜೆಯಲ್ಲಿ ಇಬ್ಬರನ್ನೂ ಕರೆದುಕೊಂಡು ಎರಡು ಕಡೆ ಹೋಗಿ ಬಂದೆವು. ಒಂದು, ಕೊಡಗು ದಾಟಿ ಹೋಗಬೇಕಾದ ದೊಡ್ಡ ಥೀಮ್ ಪಾರ್ಕ್. ಇನ್ನೊಂದು, ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮ. ದೊಡ್ಡ ಪಾರ್ಕಿನ ಹೆಸರು ಬರೆಯುವುದಿಲ್ಲ. ನಾವು ಪಟ್ಟ ಕಷ್ಟ ಆ ವಾರ ಇಂಥ ಯಾವ ಪಾರ್ಕಿಗೆ ಹೋದರೂ ಇದ್ದದ್ದೇ, ಒಬ್ಬರ ಮೇಲೆ ಹೊರಿಸಿ ಏನು ಪ್ರಯೋಜನ. ಪುಟ್ಟ ಮಕ್ಕಳಿರುವ ನಮ್ಮ ಕಡೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ತೋಟದಲ್ಲಿ ಕಾಫಿ ಕುಯ್ಯುವ ಕೆಲಸ ನಡೆಯುತ್ತಿತ್ತು, ಕಣದ ತುಂಬಾ ಹಣ್ಣು ಹರಡಿತ್ತು. ನಮ್ಮ ಯಜಮಾನರಿಗೆ ಬಿಡುವು ಸಿಕ್ಕಿದ್ದು 26ನೇ ತಾರೀಕು ಒಂದೇ ದಿನ. ಅದೇ ದಿನ ಅರ್ಧ ಕರ್ನಾಟಕಕ್ಕೂ ಬಿಡುವು ಅಂತ ಆಗ ಹೊಳೆಯಲಿಲ್ಲ. ವಿರಾಜಪೇಟೆಯಿಂದ ಬೆಳಗ್ಗೆ ಐದೂವರೆಗೆ ಹೊರಟು, ಗೋಣಿಕೊಪ್ಪ, ತಿತಿಮತಿ ದಾಟಿ, ಆನೆಚೌಕೂರು ಕಾಡಿನ ಮಂಜಿನಲ್ಲಿ ನಿಧಾನವಾಗಿ ಹೋಗಿ, ಹುಣಸೂರಿನಲ್ಲಿ ಇಡ್ಲಿ ತಿಂದು, ಗೇಟು ತೆರೆಯುವ ಮೊದಲೇ ಪಾರ್ಕ್ ಮುಟ್ಟಿದೆವು. ಆದರೂ ನಮಗಿಂತ ಮುಂದೆ ನೂರಾರು ಜನ.

ಇಂಥ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ತೀರಾ ಪುಟ್ಟ ಮಕ್ಕಳಿಗೆ ಟಿಕೆಟ್ ಇಲ್ಲ, ಅದಕ್ಕಿಂತ ಎತ್ತರ ಇದ್ದರೆ ಮಕ್ಕಳ ದರ, ಇನ್ನೂ ಎತ್ತರ ಇದ್ದರೆ ದೊಡ್ಡವರ ದರ. ರೈಡ್‌ಗಳಿಗೂ ಅದೇ ಲೆಕ್ಕ. ಇದರಲ್ಲಿ ತಪ್ಪೇನಿಲ್ಲ. ಸೀಟಿನ ಮೇಲೆ ಬಂದು ಬೀಳುವ ಕಂಬಿ ದೊಡ್ಡ ಮೈಗೆ ಅಂತ ಮಾಡಿದ್ದು, ಪುಟ್ಟ ಮಗು ಅದರ ಕೆಳಗಿಂದ ಜಾರಿಬಿಡಬಹುದು. ಆದರೆ ಇದನ್ನು ಮನೆಯಲ್ಲೇ ನೋಡಿಕೊಂಡು ಹೊರಡಬೇಕು. ನಾವು ನೋಡಿರಲಿಲ್ಲ.

ಮಗ ಎರಡು ತಿಂಗಳಿಂದ ಒಂದೇ ಒಂದು ರೈಡ್‌ನ ಕನಸು ಕಾಣುತ್ತಿದ್ದ. ಐವತ್ತು ನಿಮಿಷ ಕ್ಯೂನಲ್ಲಿ ನಿಂತೆವು. ಅಳತೆ ಕೋಲಿನ ಹತ್ತಿರ ಬಂದಾಗ ಅವನು ಚಪ್ಪಲಿಯೊಳಗೆ ಬೆರಳು ಮಡಚಿ, ಹಿಮ್ಮಡಿ ಎತ್ತಿ, ಕತ್ತು ಉದ್ದ ಮಾಡಿ ನಿಂತ. ಬೇಕಿದ್ದದ್ದು 120 ಸೆಂಟಿಮೀಟರ್. ಅವನು 118. ಅಲ್ಲಿದ್ದ ಹುಡುಗ ಒಳ್ಳೆಯವನು, ಬಗ್ಗಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟು, 'ಮುಂದಿನ ವರ್ಷ ಬಾ ಪುಟ್ಟಾ, ಮುಂದಿನ ಸೀಟೇ ಕೊಡ್ತೀನಿ' ಅಂದ. ಮಗ ಅಳಲಿಲ್ಲ. ತುಟಿ ಕಚ್ಚಿಕೊಂಡು ನನ್ನ ಸೆರಗು ಹಿಡಿದ. ಅಷ್ಟು ಹೊತ್ತು ಅವನನ್ನು ನಿಲ್ಲಿಸಿದ್ದಕ್ಕೆ ನನಗೆ ಹೊಟ್ಟೆ ಉರಿದುಹೋಯಿತು. ಕ್ಯೂ ಶುರುವಾಗುವ ಕಡೆಯೇ ಒಂದು ಅಳತೆ ಕೋಲು ನೆಟ್ಟರೆ ಏನು ಕಷ್ಟ? ಹೀಗೆ ವಾಪಸ್ ಬಂದ ಇನ್ನೂ ಮೂರು ಮಕ್ಕಳನ್ನು ಆ ಹೊತ್ತಿನಲ್ಲೇ ನೋಡಿದೆ.

ನೀರಿನ ಆಟದ ವಿಷಯ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಬೇಕು, ಹತ್ತಿ ಬಟ್ಟೆ ನಡೆಯಲ್ಲ. ಹತ್ತಿಯ ಎಳೆ ಬಿಟ್ಟು ನೀರು ಸೋಸುವ ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ನೆನೆದರೆ ಮೈಮೇಲೆ ಭಾರ ಬೇರೆ. ನಮ್ಮೂರಿನ ಅಂಗಡಿಯಲ್ಲೇ ತೆಗೆದುಕೊಂಡು ಹೋಗಿ, ಪಾರ್ಕ್ ಒಳಗೆ ಬೆಲೆ ಜಾಸ್ತಿ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಬಿಸಿಲಿದ್ದಾಗಲೇ ನೀರಿಗಿಳಿಸಿ, ಮೂರು ಗಂಟೆಗೆ ಮೇಲೆ ಕರೆಸಿ. ಕೊಡಗಿನ ಮಕ್ಕಳು ಚಳಿಗೆ ಹೆದರಲ್ಲ ಅಂತ ನಾನೂ ಅಂದುಕೊಂಡಿದ್ದೆ. ಒದ್ದೆ ಬಟ್ಟೆಯಲ್ಲಿ ಗಾಳಿ ಹೊಡೆದಾಗ ಮಗಳ ತುಟಿ ನೇರಳೆ ಬಣ್ಣಕ್ಕೆ ತಿರುಗಿ, ಹಲ್ಲು ಕಟಕಟ ಅನ್ನುತ್ತಿತ್ತು. ಆಗ ನೋಡಿದರೆ ಬಟ್ಟೆ ಬದಲಿಸುವ ಕೋಣೆಯ ಮುಂದೆಯೂ ಕ್ಯೂ. ಎರಡು ದಪ್ಪ ಟವೆಲು, ಒಂದು ಉಣ್ಣೆಯ ಟೋಪಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಾಕರಿನಲ್ಲಿ ಇಡಬೇಡಿ.

ಅಲಂಕಾರ ನಿಜಕ್ಕೂ ಚೆನ್ನಾಗಿತ್ತು. ದೊಡ್ಡ ಕ್ರಿಸ್‌ಮಸ್ ಮರ, ನೊರೆಯ ಹಿಮ, ಹಾಡು, ಕುಣಿತ. ಸಾಂತಾ ಮುಖವಾಡ ಹಾಕಿದವರು ಹತ್ತಿರ ಬಂದಾಗ ಮಗಳು ಹೆದರಿ ನನ್ನ ಕಾಲಿನ ಹಿಂದೆ ಅಡಗಿದಳು. ಹಿಂದಿನ ದಿನವಷ್ಟೇ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಗೋದಲಿ ನೋಡಲು ಹೋಗಿದ್ದೆವು. 1792ರ ಹಳೆಯ ಚರ್ಚ್, ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಕೊಡಗಿನ ದೊರೆ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟಾಗ ಆದದ್ದು. ಅಲ್ಲಿ ಇದೇ ಮಗಳು ಹುಲ್ಲಿನ ಮೇಲಿಟ್ಟ ಕುರಿಮರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, 'ಇದರ ಅಮ್ಮ ಎಲ್ಲಿ?' ಅಂತ ಹತ್ತು ಸಲ ಕೇಳಿದ್ದಳು. ನಾಲ್ಕು ವರ್ಷದ ಮಗುವಿಗೆ ತನ್ನ ಕಣ್ಣಿನ ಮಟ್ಟದಲ್ಲಿ ಇರುವುದೇ ಬೇಕು, ಅಲ್ವಾ?

ಲೆಕ್ಕ ಹಾಕಿದರೆ ಇಡೀ ದಿನದಲ್ಲಿ ಮಗಳು ಹತ್ತಿದ್ದು ನಾಲ್ಕು ರೈಡ್. ಅದರಲ್ಲಿ ಕುದುರೆಗಳು ಸುತ್ತುವ ರೈಡ್ ಎರಡು ಸಲ. ನಾವು ಕೊಟ್ಟದ್ದು ರಜೆಯ ವಾರದ ದರ, ಮಾಮೂಲಿ ದಿನದ್ದಕ್ಕಿಂತ ಜಾಸ್ತಿ. ಊಟಕ್ಕೆ ಮುಕ್ಕಾಲು ಗಂಟೆ ಕಾದೆವು. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಬರುವಾಗ ಇಬ್ಬರೂ ಹುಣಸೂರು ಬರುವ ಮೊದಲೇ ನಿದ್ದೆ. ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ.

ಎರಡು ದಿನ ಬಿಟ್ಟು ಕಾವೇರಿ ನಿಸರ್ಗಧಾಮಕ್ಕೆ ಹೋದೆವು. ಮಕ್ಕಳಿಗೆ ಕೊಟ್ಟ ಮಾತು, ತಪ್ಪಿಸುವ ಹಾಗಿರಲಿಲ್ಲ. ವರ್ಷದ ಕೊನೆಯಲ್ಲಿ ಕುಶಾಲನಗರ ಪೇಟೆಯೊಳಗೆ ಕಾರು ತೆವಳುತ್ತದೆ. ನಮ್ಮ ಕಡೆಯಿಂದ ಹೋಗುವವರು ಸಿದ್ದಾಪುರ, ನೆಲ್ಲಿಹುದಿಕೇರಿ ಮೇಲೆ ಗುಡ್ಡೆಹೊಸೂರಿಗೆ ಬಂದು ಬಲಕ್ಕೆ ತಿರುಗಿದರೆ ಪೇಟೆ ಮುಟ್ಟುವ ಮೊದಲೇ ನಿಸರ್ಗಧಾಮ ಸಿಗುತ್ತದೆ. ಬೆಳಗ್ಗೆ ಒಂಬತ್ತೂವರೆಯೊಳಗೆ ಅಲ್ಲಿರಿ. ಹನ್ನೊಂದರ ಮೇಲೆ ಟೂರಿಸ್ಟ್ ಬಸ್ಸುಗಳು ಬರುತ್ತವೆ, ಆಮೇಲೆ ತೂಗು ಸೇತುವೆಯ ಮೇಲೆ ಸೆಲ್ಫಿಯವರ ನಡುವೆ ದಾರಿ ಮಾಡಿಕೊಂಡು ಹೋಗಬೇಕು.

ಕಾವೇರಿ ಎರಡು ಕವಲಾಗಿ ಸುತ್ತಿ ಹರಿದು ಆದ ದ್ವೀಪ ಇದು. 64 ಎಕರೆ, ಅರಣ್ಯ ಇಲಾಖೆಯದು. ಇಲ್ಲಿ ಯಾರೂ ಮಗುವಿನ ಎತ್ತರ ಅಳೆಯುವುದಿಲ್ಲ. ತೂಗು ಸೇತುವೆ ಮೇಲೆ ಕಾಲಿಟ್ಟ ಕೂಡಲೇ ಅದು ಸ್ವಲ್ಪ ಅಲುಗಾಡಿತು. ಮಗಳು ಕಂಬಿ ಹಿಡಿದು ನಿಂತು ಕೆಳಗಿನ ನೀರು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಜೋರಾಗಿ ನಕ್ಕಳು. ಆ ಸೇತುವೆಯನ್ನು ಮೂರು ಸಲ ದಾಟಿಸಿದಳು ನಮ್ಮನ್ನು. ಅವಳ ಮಟ್ಟಿಗೆ ಆ ವಾರದ ದೊಡ್ಡ ರೈಡ್ ಅದೇ.

ಒಳಗೆ ಬಿದಿರ ಮೆಳೆಗಳು. ಗಾಳಿ ಬಂದಾಗ ಎರಡು ಬಿದಿರು ಒಂದಕ್ಕೊಂದು ಉಜ್ಜಿ ಹಳೇ ಬಾಗಿಲು ತೆರೆದ ಹಾಗೆ ಕಿರ್ ಅನ್ನುತ್ತವೆ. ಮಗ ಒಂದು ಬಿದಿರಿಗೆ ಕಿವಿ ಒತ್ತಿ ನಿಂತು, 'ಅಮ್ಮಾ, ಒಳಗಿಂದ ಕೇಳುತ್ತೆ, ನೀನೂ ಬಾ' ಅಂದ. ನಾನೂ ಕಿವಿ ಇಟ್ಟೆ. ನಿಜ, ಬುಡದ ತನಕ ಆ ಸದ್ದು ಇಳಿದು ಬರುತ್ತದೆ. ಜಿಂಕೆಗಳು ಬೇಲಿಯ ಹತ್ತಿರ ಬಂದು ಮೆಲುಕು ಹಾಕುತ್ತಿದ್ದವು. ಮೊಲಗಳಿವೆ, ಹಕ್ಕಿಗಳಿವೆ. ಮಗಳು ಒಂದೇ ಜಿಂಕೆಯ ಮುಂದೆ ಕಾಲು ಗಂಟೆ ನಿಂತಳು, ಯಾರೂ ಮುಂದೆ ಹೋಗಿ ಅಂತ ತಳ್ಳಲಿಲ್ಲ.

ಕೊರತೆಗಳೂ ಇವೆ. ಮಗುವಿನ ತಳ್ಳುಗಾಡಿ ತರಬೇಡಿ, ಸೇತುವೆಯಲ್ಲಿ ಕಷ್ಟ. ಕೋತಿಗಳ ಮುಂದೆ ಬಿಸ್ಕತ್ ಪೊಟ್ಟಣ ತೆರೆಯಬೇಡಿ. ಹೊಳೆ ಎಷ್ಟೇ ಶಾಂತವಾಗಿ ಕಂಡರೂ ಮಕ್ಕಳನ್ನು ನೀರಿಗಿಳಿಸಲೇಬೇಡಿ, ಕಲ್ಲುಗಳ ಮೇಲೆ ಪಾಚಿ, ನಡುವೆ ಗುಂಡಿ. ದಯವಿಟ್ಟು ಇದನ್ನು ಸುಮ್ನೆ ಹೇಳಿದ ಮಾತು ಅಂದುಕೊಳ್ಳಬೇಡಿ. ಏಳು ವರ್ಷದ ಹುಡುಗನಿಗೆ ಎರಡು ಗಂಟೆ ಆದಮೇಲೆ ಬೇಜಾರು ಶುರುವಾಗುತ್ತದೆ ಅನ್ನುವುದೂ ನಿಜ. ಆಗ ಹೊರಟರೆ ಸರಿಹೋಯಿತು, ಎದುರಿನ ಅಂಗಡಿಯಲ್ಲಿ ಚಾಕೊಲೇಟ್ ಕೊಡಿಸಿ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ನಾವು ಹಾಗೇ ಮಾಡಿದೆವು.

ಹಾಗಂತ ದೊಡ್ಡ ಪಾರ್ಕ್ ಬೇಡ ಅನ್ನುವುದಿಲ್ಲ. ಮಕ್ಕಳು 120 ದಾಟಿದ್ದರೆ ಖಂಡಿತಾ ಹೋಗಿ, ಆದರೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದ ನಡುವಿನ ಆ ವಾರ ಬಿಟ್ಟುಬಿಡಿ. ಡಿಸೆಂಬರ್ ಮೊದಲ ಎರಡು ವಾರದಲ್ಲಿ ಒಂದು ಮಂಗಳವಾರವೋ ಬುಧವಾರವೋ, ಶಾಲೆಗೆ ಒಂದು ದಿನ ರಜೆ ಹಾಕಿಸಿಯಾದರೂ ಹೋಗುವುದು ಒಳ್ಳೆಯದು. ನಾಲ್ಕು ವರ್ಷದವರಿಗೆ ಇನ್ನೆರಡು ವರ್ಷ ನಿಸರ್ಗಧಾಮವೇ ಸಾಕು.

ಥೀಮ್ ಪಾರ್ಕಿನಿಂದ ಮನೆಗೆ ಬಂದ ರಾತ್ರಿಯೇ ಮಗ ಅಡುಗೆಮನೆ ಬಾಗಿಲಿಗೆ ಬೆನ್ನು ಒತ್ತಿ ನಿಂತು ಅಪ್ಪನ ಹತ್ತಿರ ಪೆನ್ಸಿಲಿನಲ್ಲಿ ಗೆರೆ ಹಾಕಿಸಿಕೊಂಡ. ಅದರ ಮೇಲೆ ಎರಡು ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ, ಕೆಂಪು ಶಾಯಿಯಲ್ಲಿ, ಅವನೇ ಸ್ಟೂಲ್ ಹತ್ತಿ ಎಳೆದದ್ದು.