ನನ್ನ ಇಮೇಲ್ ಎಲ್ಲೆಲ್ಲಿ ಸೋರಿದೆ ಅಂತ ಹೇಳಿದ ಸೈಟು

ಒಂದು ದಿನ ಬೆಳಿಗ್ಗೆ ಮೇಲ್ ತೆರೆದರೆ ಸಬ್ಜೆಕ್ಟ್ ಜಾಗದಲ್ಲಿ ನನ್ನದೇ ಪಾಸ್‌ವರ್ಡ್! ‘ನಿನ್ನ ಕ್ಯಾಮೆರಾ ನನ್ನ ಕೈಯಲ್ಲಿದೆ, ಬಿಟ್‌ಕಾಯಿನ್ ಕಳಿಸು, ಇಲ್ಲಾಂದ್ರೆ ವಿಡಿಯೋ ಎಲ್ಲರಿಗೂ ಹೋಗುತ್ತೆ’ ಅಂತ ಬೆದರಿಕೆ. ಮೊದಲು ಲ್ಯಾಪ್‌ಟಾಪ್ ಕ್ಯಾಮೆರಾಗೆ ಟೇಪ್ ಅಂಟಿಸಿದೆ. ಆಮೇಲೆ ಗೆಳತಿ ಹೇಳಿದ ‘ಹ್ಯಾವ್ ಐ ಬೀನ್ ಪೋನ್ಡ್’ (Have I Been Pwned) ಸೈಟಿಗೆ ಹೋದೆ.

ಆಸ್ಟ್ರೇಲಿಯಾದ ಸೈಬರ್ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಸೇವೆ ಇದು. ಕಂಪನಿಗಳಿಂದ ಸೋರಿ ಹೊರಬಿದ್ದ ಮಾಹಿತಿ ಇಲ್ಲಿ ಒಟ್ಟಾಗಿದೆ. ಇಮೇಲ್ ಹಾಕಿದರೆ ಸಾಕು, ಅದು ಯಾವ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆ, ಯಾವ ವರ್ಷದ್ದು, ಜೊತೆಗೆ ಹೆಸರು, ಫೋನ್ ನಂಬರ್, ಪಾಸ್‌ವರ್ಡ್ ಏನೇನು ಹೋಗಿದೆ ಅಂತ ತೋರಿಸುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆಯೂ ಬೇಡ.

ನನ್ನ ವಿಷಯದಲ್ಲಿ ಸಿಕ್ಕಿದ್ದು ಯಾವತ್ತೋ ಕೂಪನ್ ಆಸೆಗೆ ಸೇರಿ ಮರೆತಿದ್ದ ಒಂದು ಶಾಪಿಂಗ್ ಸೈಟು. ಬೆದರಿಕೆ ಹಾಕಿದವನು ಯಾವ ಕ್ಯಾಮೆರಾನೂ ನೋಡಿಲ್ಲ, ಹಳೇ ಪಟ್ಟಿ ಇಟ್ಟುಕೊಂಡು ಸುಮ್ನೆ ಬಲೆ ಬೀಸಿದ್ದಾನೆ, ಅಷ್ಟೇ. ಸಮಾಧಾನ ಆಯ್ತು ಅನ್ನುವಷ್ಟರಲ್ಲಿ ನೆನಪಾಯಿತು, ಅದೇ ಪಾಸ್‌ವರ್ಡ್ ನನ್ನ ಇಮೇಲಿಗೂ ಇನ್ನೂ ಹಾಗೇ ಇದೆ! ನಿಜವಾಗಿ ಬೆವರಿದ್ದು ಆಗಲೇ. ಇಮೇಲ್ ಕೈಗೆ ಸಿಕ್ಕರೆ ಉಳಿದ ಎಲ್ಲಾ ಖಾತೆಗಳ ಪಾಸ್‌ವರ್ಡನ್ನೂ ಅಲ್ಲಿಂದಲೇ ಬದಲಾಯಿಸಬಹುದು ಅಲ್ವಾ? ತಕ್ಷಣ ಅದನ್ನು ಬದಲಿಸಿ ಎರಡು ಹಂತದ ಲಾಗಿನ್ ಹಾಕಿದೆ.

ಪಾಸ್‌ವರ್ಡ್ ಸೋರಿದೆಯಾ ಅಂತ ನೋಡುವ ಪುಟವೂ ಇದೆ. ಪಾಸ್‌ವರ್ಡನ್ನೇ ತಗೊಂಡು ಹೋಗಿ ಇನ್ನೊಂದು ಸೈಟಿಗೆ ಹಾಕೋದಾ ಅಂತ ನನಗೂ ಅನುಮಾನ ಇತ್ತು. ಆದರೆ ಅದನ್ನು ನಮ್ಮ ಬ್ರೌಸರಿನಲ್ಲೇ ಹ್ಯಾಶ್ ಮಾಡ್ತಾರೆ, ಅಂದರೆ ಗುರುತು ಸಿಗದ 40 ಅಕ್ಷರಗಳ ಸರವಾಗಿಸಿ, ಅದರಲ್ಲಿ ಮೊದಲ 5 ಅಕ್ಷರ ಮಾತ್ರ ಕಳಿಸ್ತಾರೆ. ಸೋರಿದ ಪಾಸ್‌ವರ್ಡ್‌ಗಳಲ್ಲಿ ಆ 5 ಅಕ್ಷರದಿಂದ ಶುರುವಾಗುವ ಹ್ಯಾಶ್‌ಗಳೆಲ್ಲ ವಾಪಸ್ ಬರುತ್ತವೆ, ತಾಳೆ ನೋಡುವುದು ನಮ್ಮ ಕಂಪ್ಯೂಟರಿನಲ್ಲೇ. ಪೂರ್ತಿ ಪಾಸ್‌ವರ್ಡ್ ಅವರಿಗೆ ಗೊತ್ತೇ ಆಗಲ್ಲ. ಈ ಜಾಣತನ ನನಗೆ ತುಂಬಾ ಇಷ್ಟವಾಯಿತು.

ಕೊರತೆ ಇಲ್ಲ ಅಂತಲ್ಲ. ‘ಎಲ್ಲೂ ಸಿಕ್ಕಿಲ್ಲ’ ಅಂತ ಬಂದರೆ ಕುಣಿಯಬೇಡಿ. ಹೊರಬಿದ್ದು ಇವರ ಕೈಗೆ ಬಂದ ಸೋರಿಕೆ ಮಾತ್ರ ಇಲ್ಲಿರುತ್ತದೆ, ಬರದೇ ಇರುವುದು ಎಷ್ಟೋ. ಯಾರ ಇಮೇಲ್ ಬೇಕಾದರೂ ಹಾಕಿ ನೋಡಬಹುದು ಅನ್ನುವುದು ಸ್ವಲ್ಪ ಇರುಸುಮುರುಸು. ಡೇಟಿಂಗ್ ಸೈಟಿನಂಥ ಸೂಕ್ಷ್ಮ ಸೋರಿಕೆಗಳನ್ನು ಮಾತ್ರ ಆ ಇಮೇಲ್ ತನ್ನದೇ ಅಂತ ಖಾತ್ರಿ ಮಾಡಿದವರಿಗಷ್ಟೇ ತೋರಿಸ್ತಾರೆ, ಪುಣ್ಯ. ವಿವರವೆಲ್ಲ ಇಂಗ್ಲಿಷಿನಲ್ಲಿದೆ, ಅಪ್ಪ ಅಮ್ಮನಿಗೆ ಪಕ್ಕದಲ್ಲಿ ಕೂತೇ ತೋರಿಸಬೇಕು.

ಮುಂದೆ ಸೋರಿದರೆ ತಿಳಿಸುವ ವ್ಯವಸ್ಥೆಯೂ ಇದೆ, ಅದಕ್ಕೆ ಇಮೇಲ್ ಕೊಟ್ಟಿಟ್ಟಿದ್ದೇನೆ. ಸೈಟಿನ ಹೆಸರು ಟೈಪ್ ಮಾಡುವಾಗ ಮಾತ್ರ ಹುಷಾರು, ಕೊನೆಯ ಪದದಲ್ಲಿ ‘ಪಿ’ ಆದಮೇಲೆ ‘ಡಬ್ಲ್ಯೂ’, ಆಮೇಲೆ ‘ಎನ್’. ಇಮೇಲ್ ಮತ್ತು ಅದರ ಪಾಸ್‌ವರ್ಡ್ ಎರಡನ್ನೂ ಒಟ್ಟಿಗೆ ಕೇಳಿದರೆ ನೀವು ಬೇರೆ ಯಾರದೋ ಸೈಟಿನಲ್ಲಿದ್ದೀರಿ, ಮುಚ್ಚಿಬಿಡಿ.