ಕೊಡಗಿನ ಮಳೆಗೆ ಯಾವ ಸೆಕೆಂಡ್ ಹ್ಯಾಂಡ್ ರೈಫಲ್? ಲಿವರ್‌ನದ್ದೋ, ಸಿಲಿಂಡರ್‌ನದ್ದೋ

ಹತ್ತು ಮೀಟರ್ ಸ್ಪರ್ಧೆಗೆ ಹಳೇ ಏರ್ ರೈಫಲ್ ಕೊಳ್ಳಬೇಕು ಅಂತ ಕೊಡಗಿನವರು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಸೈಡ್ ಲಿವರ್ ಇರುವುದನ್ನು, ಅಂದರೆ ಪಕ್ಕದ ಹಿಡಿ ಎಳೆದು ಮುಚ್ಚಿ ಪ್ರತಿ ಗುಂಡಿಗೂ ಗಾಳಿ ಒತ್ತಿಕೊಳ್ಳುವುದನ್ನು ಹುಡುಕಿ. ನಾನು ಕೊಂಡದ್ದು ಫೈನ್‌ವೆರ್ಕ್‌ಬಾವ್ 603. ಜರ್ಮನಿಯದ್ದು, ಮರದ ಸ್ಟಾಕ್, ಅಲ್ಲಲ್ಲಿ ಗೀರು. ಇದಕ್ಕಿಂತ ಎಷ್ಟೋ ಹೊಸದಾದ, ನೋಡಲು ಇನ್ನೂ ಚೆಂದದ, ಗಾಳಿಯನ್ನು ಮೊದಲೇ ತುಂಬಿಸಿಡುವ ಸಿಲಿಂಡರ್ ರೈಫಲ್ ಮನೆಗೇ ಬಂದಿತ್ತು. ಅದನ್ನು ಬಿಟ್ಟು ಇದನ್ನು ಇಟ್ಟುಕೊಂಡೆ. ಇವತ್ತಿಗೂ ಖುಷಿಯಾಗಿದ್ದೇನೆ.

ಸಿಲಿಂಡರ್ ರೈಫಲ್ ನನ್ನ ಚಿಕ್ಕಪ್ಪನ ಮಗನದ್ದು. ಅವನು ಬೆಂಗಳೂರಿನಲ್ಲಿ ಒಬ್ಬರಿಂದ ಕೊಂಡು, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಕೇಸ್ ಕೂಡ ತೆಗೆಯದೆ ನಮ್ಮ ಮನೆಗೆ ತಂದಿಟ್ಟ. 'ಅಣ್ಣ, ಮಳೆಗಾಲ ಮುಗಿಯೋವರೆಗೂ ಹೊಡೆದು ನೋಡಿ. ಹಿಡಿಸಿದ್ರೆ ನೀವೇ ಇಟ್ಕೊಳ್ಳಿ, ಹೊರಗಿನವರಿಗೆ ಹೇಳೋ ರೇಟ್ ನಿಮಗೆ ಹೇಳಲ್ಲ' ಅಂದ. ಅದರ ಕಂಪನಿ ಹೆಸರು ಹೇಳುವುದಿಲ್ಲ. ಮುಂದೆ ಹೇಳುವ ತಾಪತ್ರಯ ಆ ಒಂದು ಕಂಪನಿಯದ್ದಲ್ಲ, ಸಿಲಿಂಡರ್ ಇರುವ ಎಲ್ಲ ರೈಫಲ್‌ಗಳದ್ದು.

ಲೈಸೆನ್ಸ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಏರ್ ರೈಫಲ್‌ಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ನ ಶಕ್ತಿ ಅದರ ಅರ್ಧವೂ ಇರುವುದಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) 2029ರವರೆಗೆ ಮುಂದುವರಿಸಿರುವ ವಿನಾಯಿತಿ ನಿಜವಾದ ಕೋವಿಗೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಎಳೆದು ತರುವ ಅಗತ್ಯವೇ ಇಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಪಾಯಿಂಟ್ ಟೂ ಟೂ (.22 ಬೋರ್) ರೈಫಲ್ ಬೇಕು ಅನ್ನುವವರ ಲೆಕ್ಕವೇ ಬೇರೆ.

ಈಗ ಸಿಲಿಂಡರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಪಿಸಿಪಿ (ಮೊದಲೇ ಗಾಳಿ ತುಂಬಿಸಿಡುವ) ರೈಫಲ್‌ಗಳಲ್ಲಿ ನಳಿಕೆಯ ಕೆಳಗೆ ಒಂದು ಅಲ್ಯೂಮಿನಿಯಂ ಸಿಲಿಂಡರ್ ಇರುತ್ತದೆ. ಅದರಲ್ಲಿ 200 ಬಾರ್ ಒತ್ತಡದ ಗಾಳಿ. ಒಮ್ಮೆ ತುಂಬಿಸಿದರೆ ನೂರಾರು ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಹೊಡೆಯಬಹುದು. ಕೇಳಲು ಎಷ್ಟು ಚೆಂದ ಅಲ್ವಾ? ನಮ್ಮ ಹುಡುಗ ತಂದದ್ದರ ಸಿಲಿಂಡರ್ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿತ್ತು, ಯಾವುದೋ ಟೂರ್ನಮೆಂಟ್‌ನದ್ದು. ಅದರ ಒಂದು ಅಂಚು ಎದ್ದಿತ್ತು. ಉಗುರಿನಲ್ಲಿ ಕೆರೆದು ತೆಗೆದರೆ ಕೆಳಗೆ ತಿಂಗಳು, ವರ್ಷ ಕೆತ್ತಿದ್ದು ಕಾಣಿಸಿತು. ಲೆಕ್ಕ ಹಾಕಿದೆ. ಹತ್ತು ವರ್ಷ ದಾಟಿ ಎಷ್ಟೋ ಕಾಲವಾಗಿತ್ತು.

ಮ್ಯಾಚ್ ರೈಫಲ್‌ಗಳ ಇಂಥ ಸಿಲಿಂಡರ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯಸ್ಸು ಹತ್ತು ವರ್ಷ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ನಿಯಮದಲ್ಲೂ ಸಿಲಿಂಡರ್ ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವುದು ಶೂಟರ್‌ನ ಹೊಣೆ. ಸ್ಪರ್ಧೆಯ ಸಲಕರಣೆ ಪರೀಕ್ಷಿಸುವ ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ಕೇಳಿದರೆ ನೀವೇ ಉತ್ತರ ಹೇಳಬೇಕು. ಮಾರಿದವರಿಗೆ ಫೋನ್ ಮಾಡಿದೆವು. 'ಸಾರ್, ಒಂದು ಚೂರೂ ಗಾಳಿ ಬಿಡಲ್ಲ, ಬೇಕಾದ್ರೆ ನೀರಲ್ಲಿ ಮುಳುಗಿಸಿ ನೋಡಿ' ಅಂದರು. ಗಾಳಿ ಬಿಡುತ್ತದೆ ಅಂತ ನಾವೆಲ್ಲಿ ಹೇಳಿದೆವು? ಕೇಳಿದ್ದು ತಾರೀಕು. ಕೆನ್ನೆಯಿಂದ ಒಂದು ಗೇಣು ದೂರದಲ್ಲಿ 200 ಬಾರ್ ಇಟ್ಟುಕೊಂಡು ನಿಲ್ಲುವವನಿಗೆ ಆ ತಾರೀಕು ಮುಖ್ಯ. ಕಾರಿನ ಟೈರಿನಲ್ಲಿ ಇರುವ ಒತ್ತಡ ಎರಡು ಬಾರ್ ಚಿಲ್ಲರೆ, ಅಷ್ಟೇ. ಹೊಸ ಸಿಲಿಂಡರ್ ತರಿಸಲು ವಿಚಾರಿಸಿದಾಗ ಹೇಳಿದ ಬೆಲೆ ಅವನು ರೈಫಲ್‌ಗೆ ಕೊಟ್ಟದ್ದರ ಕಾಲು ಭಾಗದ ಹತ್ತಿರ ಬಂತು. ಅದೂ ಯಾವಾಗ ಬರುತ್ತದೆ ಅಂತ ಗ್ಯಾರಂಟಿ ಇಲ್ಲ.

ಅವನ ಸ್ನೇಹಿತನೊಬ್ಬನ ಹತ್ತಿರ ಅವಧಿ ಮುಗಿಯದ, ಅದೇ ಮಾಡೆಲ್‌ನ ಸಿಲಿಂಡರ್ ಇತ್ತು. ಕೇಳಿ ತಂದೆವು. ಆಗ ಶುರುವಾಯಿತು ಎರಡನೇ ತಲೆನೋವು. ತುಂಬಿಸುವುದು ಎಲ್ಲಿ?

ದೊಡ್ಡ ರೇಂಜ್‌ಗಳಲ್ಲಿ ಕಂಪ್ರೆಸರ್ ಇರುತ್ತದೆ. ಅಲ್ಲೇ ದಿನಾ ಹೊಡೆಯುವವರಿಗೆ ಇದು ಸಮಸ್ಯೆಯೇ ಅಲ್ಲ. ಡೈವಿಂಗ್‌ಗೆ ಬಳಸುವ ದೊಡ್ಡ ಸಿಲಿಂಡರ್ ಒಂದು ಮನೆಯಲ್ಲಿದ್ದರೂ ಸಾಕು, ಅದರಿಂದ ಇದಕ್ಕೆ ಇಳಿಸಿಕೊಳ್ಳಬಹುದು. ಆದರೆ ಸಮುದ್ರಕ್ಕೆ ಧುಮುಕುವವರು ಇರುವುದು ಮುರುಡೇಶ್ವರ, ನೇತ್ರಾಣಿ ಕಡೆ. ನಾನಿರುವುದು ನಾಪೋಕ್ಲು ಕಡೆ, ಇಲ್ಲಿ ಕಾವೇರಿಗೆ ಧುಮುಕಲು ಯಾರೂ ಗಾಳಿ ತುಂಬಿಸಿಕೊಳ್ಳುವುದಿಲ್ಲ. ಪಕ್ಕದ ತೋಟದವರು 'ಪಂಕ್ಚರ್ ಅಂಗಡಿಯಲ್ಲಿ ಹಾಕಿಸಿ ಮಾರಾಯ್ರೇ' ಅಂದರು. ಆ ಕಂಪ್ರೆಸರ್ ಹತ್ತು ಬಾರ್‌ಗೆ ಏದುಸಿರು ಬಿಡುತ್ತದೆ.

ಉಳಿದದ್ದು ಕೈಪಂಪು. ನಿಂತು ಒತ್ತುವ, ಸೈಕಲ್ ಪಂಪಿನ ಅಣ್ಣನ ಹಾಗಿರುವ ಪಂಪು. ನೂರು ಬಾರ್‌ವರೆಗೆ ಪರವಾಗಿಲ್ಲ. ನೂರೈವತ್ತು ದಾಟಿದ ಮೇಲೆ ಕೈ ಬಲ ಸಾಲದು, ಹಿಡಿಯ ಮೇಲೆ ಇಡೀ ಮೈಭಾರ ಬಿಡಬೇಕು. ಪಂಪು ಬಿಸಿಯಾದರೆ ನಿಲ್ಲಿಸಿ ಕಾಯಬೇಕು. ಅದನ್ನಾದರೂ ವ್ಯಾಯಾಮ ಅಂದುಕೊಳ್ಳಬಹುದಿತ್ತು. ಅಸಲು ಕಾಟ ನೀರಿನದ್ದು. ಗಾಳಿಯನ್ನು ಅಷ್ಟು ಒತ್ತಿ ಹಿಂಡಿದಾಗ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಹಗ್ಗದ ಮೇಲೆ ಹಾಕಿದ ಟವೆಲ್ ವಾರವಾದರೂ ಒಣಗುವುದಿಲ್ಲ. ಅಂಥ ಗಾಳಿಯನ್ನು ಹಿಂಡಿದರೆ ಏನಾಗಬೇಕು? ಒಳಗುಳಿದ ಒತ್ತಡ ಬಿಡುವ ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿದಾಗ ಬುಸ್ ಅಂತ ಬಿಳಿ ಮಂಜು ಬಂದು, ಕೆಳಗಿನ ಸಿಮೆಂಟಿನ ಮೇಲೆ ಹನಿ ಬೀಳುತ್ತಿತ್ತು. ಪಂಪಿನ ಜೊತೆ ಬರುವ, ತೇವ ಹೀರುವ ಸಿಲಿಕಾ ಜೆಲ್ ಬಣ್ಣ ಬದಲಾಯಿಸುತ್ತಲೇ ಇತ್ತು. ಅದನ್ನು ಬಾಣಲೆಯಲ್ಲಿ ಹುರಿದು ಮತ್ತೆ ತುಂಬುವುದು ಒಂದು ಕೆಲಸ. 'ಒಲೆ ಮೇಲೆ ಇದೇನಿದು?' ಅಂತ ಮನೆಯವಳು ಕೇಳಿದ್ದು ಬೇರೆ. ಅಷ್ಟು ಮಾಡಿದರೂ ಒಳಗೆ ಹೋದ ತೇವ ಸಿಲಿಂಡರ್ ಗೋಡೆಗೆ, ಪ್ರತಿ ಗುಂಡಿಗೂ ಒತ್ತಡ ಸಮನಾಗಿಡುವ ರೆಗ್ಯುಲೇಟರ್‌ಗೆ ಒಳ್ಳೆಯದಲ್ಲ. ರೆಗ್ಯುಲೇಟರ್ ಕೆಟ್ಟರೆ ಪೆಲೆಟ್‌ನ ವೇಗ ಏರುಪೇರಾಗುತ್ತದೆ. ಆಮೇಲೆ ಗುರಿ ತಪ್ಪಿದ್ದು ನನ್ನಿಂದಲೋ ರೈಫಲ್‌ನಿಂದಲೋ ಅಂತ ತಲೆ ಕೆಡಿಸಿಕೊಳ್ಳಬೇಕು.

603ರಲ್ಲಿ ಇದು ಯಾವುದೂ ಇಲ್ಲ. ಪಕ್ಕದ ಲಿವರ್ ಹೊರಗೆ ಎಳೆದು ವಾಪಸ್ ಮುಚ್ಚಿದರೆ ಆ ಒಂದು ಗುಂಡಿಗೆ ಬೇಕಾದಷ್ಟು ಗಾಳಿ ಒತ್ತಿಕೊಳ್ಳುತ್ತದೆ. ಪ್ರತಿ ಸಲ ಅಷ್ಟೇ ಗಾಳಿ. ಸ್ಪ್ರಿಂಗ್ ಇಲ್ಲ, ಹಾಗಾಗಿ ಒದೆತವೂ ಇಲ್ಲದ ಹಾಗೆ. ಕಾಫಿ ಗೋದಾಮಿನಲ್ಲಿ ಮೂಟೆಗಳನ್ನು ಒಂದು ಪಕ್ಕಕ್ಕೆ ಸರಿಸಿದರೆ ನನಗೆ ಸರಿಯಾಗಿ ಹತ್ತು ಮೀಟರ್ ಸಿಗುತ್ತದೆ. ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ಅರ್ಧ ಗಂಟೆ ಹೊಡೆಯುವವನು ನಾನು. ಕರೆಂಟ್ ಇಲ್ಲದಿದ್ದರೆ ಟಾರ್ಗೆಟ್‌ಗೆ ಒಂದು ಬ್ಯಾಟರಿ ಲೈಟ್ ಬಿಟ್ಟರಾಯಿತು. ಗಾಳಿ ಎಷ್ಟಿದೆ ಅಂತ ಮೀಟರ್ ನೋಡುವ ಕೆಲಸವಿಲ್ಲ.

ಸಿಲಿಂಡರ್ ರೈಫಲ್‌ಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಅದರ ಅಲ್ಯೂಮಿನಿಯಂ ಸ್ಟಾಕ್‌ನಲ್ಲಿ ಭುಜಕ್ಕೆ ಊರುವ ಬಟ್‌ಪ್ಲೇಟ್, ಕೆನ್ನೆ ಒರಗಿಸುವ ಚೀಕ್‌ಪೀಸ್ ಎಲ್ಲವನ್ನೂ ನಮ್ಮ ಮೈಗೆ ತಕ್ಕಂತೆ ಹೊಂದಿಸಬಹುದು. ಬೆಳೆಯುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಮ್ಯಾಚ್‌ನಲ್ಲಿ 60 ಗುಂಡು, 75 ನಿಮಿಷ. ಅದಕ್ಕೆ ಮೊದಲು ಗುರಿ ಹೊಂದಿಸಿಕೊಳ್ಳುವ ಸೈಟಿಂಗ್ ಗುಂಡುಗಳು. ಅಷ್ಟೂ ಸಲ ಲಿವರ್ ಎಳೆದು ಮುಚ್ಚುವುದು ಭುಜಕ್ಕೆ ಗೊತ್ತಾಗುತ್ತದೆ. ನಲವತ್ತನೇ ಗುಂಡು ದಾಟಿದ ಮೇಲೆ ನನ್ನ ಹೊಡೆತಗಳು ಸ್ವಲ್ಪ ಎಡಕ್ಕೆ ಜಾರುವುದು ಇದರಿಂದಲೇ. ನಿಂತ ಪಾದ ಕದಲಿಸದೆ ಲಿವರ್ ಮುಚ್ಚುವುದನ್ನು ಕಲಿಯಲು ಸಮಯ ಬೇಕು. ರಾಜ್ಯ ಮಟ್ಟ, ಅದರ ಮೇಲೆ ಹೋಗಬೇಕು ಅನ್ನುವ ಹುಡುಗ ಹುಡುಗಿಯರು ಇದನ್ನು ಯೋಚಿಸಲೇಬೇಕು. ನನಗೆ ಆ ಆಸೆ ಇಲ್ಲ. ಜಿಲ್ಲೆಯೊಳಗಿನ ಸ್ಪರ್ಧೆ, ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಮೈಸೂರು, ಅಷ್ಟೇ ನನ್ನ ಲೋಕ.

ನಿಖರತೆಯಲ್ಲಿ ಎರಡೂ ಒಂದೇ. ಹತ್ತರ ಚುಕ್ಕೆ ಅರ್ಧ ಮಿ.ಮೀ. ಅಗಲ, ಮೇಜಿನ ಮೇಲೆ ಊರಿ ಹೊಡೆದಾಗ ಎರಡೂ ಒಂದೇ ತೂತು ಮಾಡಿದವು. ತಪ್ಪುವುದೆಲ್ಲ ನನ್ನದೇ.

ಊರು ಎತ್ತರದಲ್ಲಿದ್ದರೆ ವ್ಯತ್ಯಾಸ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಲಿವರ್ ರೈಫಲ್ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಪೆಲೆಟ್ ಸ್ವಲ್ಪ ನಿಧಾನವಾಗುತ್ತದೆ. ರೆಗ್ಯುಲೇಟರ್ ಇರುವುದಕ್ಕೆ ಈ ಚಿಂತೆಯಿಲ್ಲ. ಘಾಟಿ ಇಳಿದರೆ ಡಯಾಪ್ಟರ್ ಸೈಟನ್ನು (ಗುರಿ ನೋಡಲು ಕಣ್ಣಿನ ಹತ್ತಿರ ಇರುವ ಸಣ್ಣ ತೂತಿನ ಸಾಧನ) ಮತ್ತೆ ಹೊಂದಿಸಬೇಕು. ಹೊಸ ರೇಂಜ್‌ಗೆ ಹೋದರೆ ಹೇಗೂ ಅದನ್ನು ಮಾಡುತ್ತೇವೆ, ಹಾಗಾಗಿ ಲೆಕ್ಕಕ್ಕಿಲ್ಲ.

ಮೂರನೇ ಆಯ್ಕೆಯಾಗಿ ನಮ್ಮ ದೇಶದಲ್ಲೇ ಮಾಡಿದ ಹೊಸ ಸ್ಪ್ರಿಂಗ್ ರೈಫಲ್ ಒಂದನ್ನೂ ಹೊಡೆದು ನೋಡಿದೆ. ಬೆಲೆ ತುಂಬಾ ಕಮ್ಮಿ, ಕಲಿಯಲು ಸಾಕು. ಆದರೆ ಹೊಡೆದಾಗ ಕುಲುಕುತ್ತದೆ, ಟ್ರಿಗರ್ ಗಟ್ಟಿ. ಸ್ಪರ್ಧೆಯ ಆಸೆ ಇದ್ದವರು ವರ್ಷದೊಳಗೆ ಮಾರುತ್ತಾರೆ. ಹೊಸ ಜರ್ಮನ್ ರೈಫಲ್‌ನ ಮಾತೇ ಬೇಡ, ಕಾಳುಮೆಣಸಿಗೆ ಒಳ್ಳೇ ರೇಟ್ ಬಂದ ವರ್ಷವೂ ನನ್ನಿಂದ ಆಗುವುದಿಲ್ಲ.

603ಕ್ಕೂ ಮಳೆಗಾಲದ ಆರೈಕೆ ಬೇಕು. ಕೇಸಿನ ಸ್ಪಂಜು ತೇವ ಹೀರುತ್ತದೆ, ಅದರಲ್ಲಿ ಮುಚ್ಚಿಟ್ಟರೆ ಮರಕ್ಕೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ನಾನು ಬಟ್ಟೆ ಬೀರುವಿನಲ್ಲಿ ನಲವತ್ತು ವ್ಯಾಟ್‌ನ ಹಳೇ ಬಲ್ಬು ಉರಿಸಿ ಅಲ್ಲೇ ನಿಲ್ಲಿಸುತ್ತೇನೆ. ಟಾರ್ಗೆಟ್ ಪೇಪರನ್ನೂ ಅಲ್ಲೇ ಇಡಿ. ಮೆತ್ತಗಾದ ಪೇಪರಿನಲ್ಲಿ ಪೆಲೆಟ್ ತೂತಿನ ಅಂಚು ಹರಿದು ಹಿಂಜಿಕೊಳ್ಳುತ್ತದೆ, ಒಂಬತ್ತೋ ಹತ್ತೋ ಹೇಳಲಾಗುವುದಿಲ್ಲ.

ಹಳೇ ಲಿವರ್ ರೈಫಲ್ ನೋಡಲು ಹೋದಾಗ ಲಿವರನ್ನು ನಿಧಾನವಾಗಿ ಮುಚ್ಚಿ. ಉದ್ದಕ್ಕೂ ಒತ್ತಡ ಸಮನಾಗಿ ಏರಬೇಕು. ಎಲ್ಲಾದರೂ ಸುಸ್ ಅಂದರೆ ಸೀಲ್ ಹೋಗಿದೆ. ಮುಚ್ಚಿ ಒಂದು ನಿಮಿಷ ಬಿಟ್ಟು ಹೊಡೆದರೂ ತಕ್ಷಣ ಹೊಡೆದಾಗಿನ ಸದ್ದೇ ಬರಬೇಕು. ಸೀಲ್ ಹೋಗಿದ್ದರೂ ಹೆದರಬೇಡಿ, ಬೆಲೆಯಲ್ಲಿ ಅದನ್ನು ಕಳೆದು ಮಾತಾಡಿ. ಬದಲಾಯಿಸುವ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಸಿಗುತ್ತಾರೆ. ಸೈಟಿನ ಗುಂಡಿಯನ್ನು ಹತ್ತು ಕ್ಲಿಕ್ ಆ ಕಡೆ, ಹತ್ತು ಕ್ಲಿಕ್ ಈ ಕಡೆ ತಿರುಗಿಸಿ ಹೊಡೆಯಿರಿ, ಪೆಲೆಟ್ ಮೊದಲಿನ ಜಾಗಕ್ಕೇ ಬರಬೇಕು. ಬಿಲ್ ಕೇಳಿ, ರೈಫಲ್ ಮೇಲಿನ ಸೀರಿಯಲ್ ನಂಬರ್ ಅದಕ್ಕೆ ಹೊಂದುತ್ತದಾ ನೋಡಿ. ಕೆಲವರು ಡಯಾಪ್ಟರ್ ಬಿಚ್ಚಿಟ್ಟುಕೊಂಡು ರೈಫಲ್ ಮಾತ್ರ ಕೊಡುತ್ತಾರೆ. ಅಂಥವರ ಹತ್ತಿರ ಚೌಕಾಸಿಗೆ ಇಳಿಯುವ ಮುಂಚೆ ಒಂದು ಡಯಾಪ್ಟರ್‌ಗೆ ಎಷ್ಟಾಗುತ್ತದೆ ಅಂತ ವಿಚಾರಿಸಿಕೊಂಡು ಹೋಗಿ.